ಗಾಜಿನ ತೊಟ್ಟಿಯಲ್ಲಿ ಕುಬ್ಜ ಸಿಕ್ಲಿಡ್ ಮೀನುಗಳ ಪಾಲನೆ ಮತ್ತು ಮರಿ ಉತ್ಪಾದನೆ

ಬೇಸಾಯಶಾಸ್ತ್ರದ ಉಪನ್ಯಾಸಕನೊಬ್ಬ ಅಲಂಕಾರಿಕ ಮೀನಿನ ವಿಷಯ ಬರೆಯಲು ಹೊರಟಿರುವುದು ಓದುಗರಲ್ಲಿ ಕೆಲವರಿಗೆ ವಿಚಿತ್ರವೆನಿಸಬಹುದು. ಆದರೆ ತೊಟ್ಟಿಯಲ್ಲಿ ಮೀನು ಸಾಕಿ ಮರಿ ಮಾಡಿಸುವ ಕೆಲಸದಲ್ಲಿ ಮುಕ್ಕಾಲು ಪಾಲು ನೀರನ್ನು ಹದಗೊಳಿಸುವ ಕೆಲಸವೇ ಆಗಿದೆ. ಮಣ್ಣಿನ ರಸಸಾರ, ಸುಣ್ಣದ ಅಂಶ, ಸಾರಜನಕದ ಪರಿವರ್ತನೆ ಇವುಗಳನ್ನು ಬಲ್ಲ ರೈತನಿಗೆ ಈ ಮೀನುಗಳನ್ನು ಸಾಕಲು ಬೇಕಾದ ತಿಳಿವಳಿಕೆಯ ಬಹುಭಾಗ ಆಗಲೇ ಇದೆಯೆನ್ನಬಹುದು.

ಸಿಕ್ಲಿಡ್ ಎಂಬುದು ಮೀನುಗಳ ಒಂದು ದೊಡ್ಡ ಕುಟುಂಬ. ಇದರ ಹೆಚ್ಚಿನ ಜಾತಿಗಳು ಆಫ್ರಿಕ ಮತ್ತು ದಕ್ಷಿಣ ಅಮೆರಿಕಗಳಿಗೆ ಸೇರಿದವು. ನಮ್ಮ ಕೆರೆಗಳಲ್ಲಿ ಕಾಣುವ, ಕೆಲವು ಕಡೆ ಜಿಲೇಬಿ ಮೀನೆಂದು ಕರೆಯುವ ತಿಲಾಪಿಯ ಇದೇ ಕುಟುಂಬದ್ದು. ಭಾರತಕ್ಕೆ ಸಹಜವಾದ ಸಿಕ್ಲಿಡ್‌ಗಳು ಮೂರೇ. ಅವುಗಳಲ್ಲಿ ಎಟ್ರೋಪ್ಲಸ್ ಕೆನರೆನ್ಸಿಸ್ ಎಂಬುದು ಹೆಸರೇ ಹೇಳುವಂತೆ ನಮ್ಮ ಕನ್ನಡ ಜಿಲ್ಲೆಯ ಸಿಹಿನೀರಿನದು. 1877ರಲ್ಲಿ ಫ್ರಾನ್ಸಿಸ್ ಡೇ ಇದನ್ನು ವರ್ಣಿಸಿದರು. ಈ ಕುಟುಂಬದಲ್ಲಿ ಸುಮಾರು 10 ಸೆಂ.ಮೀ. ಮೀರಿ ಬೆಳೆಯದ ಜಾತಿಗಳನ್ನು ಕುಬ್ಜ ಸಿಕ್ಲಿಡ್‌ಗಳೆಂದು ಕರೆಯುವುದು ವಾಡಿಕೆ. ಮೊಟ್ಟೆಯನ್ನೂ ಮರಿಯನ್ನೂ ತಂದೆತಾಯಿಗಳು ಕಾಯುವುದು ಇವುಗಳ ವಿಶೇಷ ಗುಣ. ಕೋಳಿ ತನ್ನ ಮರಿಗಳನ್ನು ಅಂಗಳದಲ್ಲಿ ಮೇಯಿಸುವಂತೆ ಮೀನೊಂದು ಮರಿಗಳ ಹಿಂಡನ್ನು ನಡೆಸಿಕೊಂಡು ಹೋಗುವುದನ್ನು ಮೊದಲ ಸಲ ನೋಡಿದವರು ತೊಟ್ಟಿಯ ಮುಂದಿನಿಂದ ಬೇಗ ಏಳುವುದಿಲ್ಲ.

ಯಾವುದನ್ನು ಆರಿಸಬೇಕು?

ಅಂಗಡಿಗಳಲ್ಲಿ ಮುಖ್ಯವಾಗಿ ಮೂರು ಬಗೆ ದೊರೆಯುತ್ತವೆ. ವೆನೆಜುವೆಲ ಮತ್ತು ಕೊಲಂಬಿಯ ದೇಶಗಳ ಒರಿನೋಕೊ ನದೀ ಬಯಲಿನ ರಾಮ್ ಮೀನು ನೋಡಲು ಬಹು ಸುಂದರ. ಆದರೆ ಅದಕ್ಕೆ 27ರಿಂದ 30 ಡಿಗ್ರಿ ಸೆಂಟಿಗ್ರೇಡ್ ಶಾಖವೂ ಬಲು ಮೆದುವಾದ ನೀರೂ ಬೇಕು. ದಕ್ಷಿಣ ಅಮೆರಿಕದವೇ ಆದ ಆಪಿಸ್ಟೋಗ್ರಾಮ ಜಾತಿಗಳಿಗೂ ಸಾಮಾನ್ಯವಾಗಿ ಮೆದುನೀರೇ ಹಿತ. ಮೂರನೆಯದು ನೈಜೀರಿಯದ ದಕ್ಷಿಣ ಭಾಗ ಮತ್ತು ಕ್ಯಾಮರೂನಿನ ಕರಾವಳಿಯ ತೊರೆಗಳ ಕ್ರಿಬ್. ಶಾಸ್ತ್ರೀಯ ಹೆಸರು ಪೆಲ್ವಿಕಾಕ್ರೋಮಿಸ್ ಪಲ್ಚರ್. ಹೊಸಬರು ಕ್ರಿಬ್‌ನಿಂದಲೇ ಆರಂಭಿಸುವುದು ಲೇಸೆಂದು ನನ್ನ ಖಚಿತ ಅಭಿಪ್ರಾಯ. ಸ್ವಲ್ಪ ಗಡಸಾದ ನೀರನ್ನೂ ಇದು ತಾಳಿಕೊಳ್ಳುತ್ತದೆ, ಮತ್ತು ಇತರ ಮೀನುಗಳಿರುವ ತೊಟ್ಟಿಯಲ್ಲಿಯೂ ಮರಿ ಮಾಡುತ್ತದೆ. ಮುಂದೆ ಹೇಳುವುದೆಲ್ಲ ಮುಖ್ಯವಾಗಿ ಇದನ್ನು ಕುರಿತದ್ದು.

ನೀರಿನ ಸಿದ್ಧತೆ

ನನ್ನ ಮೊದಲ ಜೋಡಿ ಐದನೆಯ ದಿನ ಸತ್ತಿತು. ಶನಿವಾರ ತೊಟ್ಟಿ ತುಂಬಿಸಿ ಸೋಮವಾರ ಮೀನು ಬಿಟ್ಟಿದ್ದೆ. ನೀರು ಸ್ಫಟಿಕದಂತೆ ತಿಳಿಯಾಗಿತ್ತು. ಮೀನುಗಳು ಮೇಲ್ಮೈಗೆ ಬಂದು ಏದುಸಿರು ಬಿಡುತ್ತಿದ್ದುದನ್ನು ಕಂಡು ಹಸಿವೆಂದು ಭಾವಿಸಿ ಇನ್ನಷ್ಟು ಆಹಾರ ಹಾಕಿದೆ. ಮಣ್ಣಿನಲ್ಲಿ ಅಮೋನಿಯಾ ನೈಟ್ರೈಟಾಗಿ, ನೈಟ್ರೈಟು ನೈಟ್ರೇಟಾಗಿ ಮಾರ್ಪಡುವುದನ್ನು ವರ್ಷವರ್ಷವೂ ಕಪ್ಪುಹಲಗೆಯ ಮೇಲೆ ಬರೆದು ಪಾಠ ಹೇಳುವ ನನಗೆ, ಅದೇ ಕ್ರಿಯೆ ನನ್ನ ತೊಟ್ಟಿಯಲ್ಲಿ ಇನ್ನೂ ಆರಂಭವೇ ಆಗಿಲ್ಲವೆಂಬುದು ಹೊಳೆಯಲಿಲ್ಲ.

ಮೀನಿನ ಕಿವಿರಿನಿಂದಲೂ ಉಳಿದ ಆಹಾರ ಕೊಳೆಯುವುದರಿಂದಲೂ ನೀರಿಗೆ ಅಮೋನಿಯಾ ಸೇರುತ್ತದೆ. ಇದನ್ನು ಮಾರ್ಪಡಿಸುವ ಸೂಕ್ಷ್ಮಾಣುಗಳು ಹೊಲದ ಮಣ್ಣಿನಲ್ಲಿ ಮೊದಲೇ ಇರುತ್ತವೆ. ತೊಳೆದ ಮರಳು ಮತ್ತು ಹೊಸ ಗಾಜಿನಲ್ಲಿ ಇರುವುದಿಲ್ಲ. ಅವು ಸಾಕಷ್ಟು ವೃದ್ಧಿಯಾಗಲು ನಾಲ್ಕರಿಂದ ಆರು ವಾರ ಬೇಕು. ಆದುದರಿಂದ ತೊಟ್ಟಿಗೆ ನೀರು ತುಂಬಿ, ಸ್ಪಂಜ್ ಫಿಲ್ಟರ್ ಓಡಿಸುತ್ತ, ಮೀನಿಲ್ಲದೆಯೇ ದಿನಕ್ಕೊಂದು ಚಿಟಿಕೆ ಮೀನಿನ ಆಹಾರ ಹಾಕುತ್ತ ಬರಬೇಕು. ಪರಿಚಿತರ ಹಳೆಯ, ರೋಗವಿಲ್ಲದ ತೊಟ್ಟಿಯ ಸ್ಪಂಜನ್ನು ನಮ್ಮ ತೊಟ್ಟಿಯಲ್ಲಿ ಹಿಂಡಿದರೆ ಹಾಲಿಗೆ ಹೆಪ್ಪು ಹಾಕಿದಂತೆ. ಕೆಲಸ ಬೇಗ ಆಗುತ್ತದೆ. ಪರೀಕ್ಷಾ ದ್ರಾವಣಗಳಿಂದ ನೋಡಿದಾಗ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆಗೆ ಬಂದ ಮೇಲೆಯೇ ಮೀನು ತರತಕ್ಕದ್ದು.

ಇಲ್ಲಿ ರಸಸಾರದ ಪಾತ್ರವನ್ನು ಗಮನಿಸಬೇಕು. ಕ್ಷಾರ ಮಣ್ಣಿನ ಮೇಲೆ ಯೂರಿಯಾ ಎರಚಿದರೆ ಸಾರಜನಕ ಅಮೋನಿಯಾ ಅನಿಲವಾಗಿ ಹಾರಿಹೋಗುತ್ತದೆಂದು ರೈತರಿಗೆ ತಿಳಿದಿದೆ. ತೊಟ್ಟಿಯಲ್ಲಿಯೂ ನಿಯಮ ಅದೇ. 25 ಡಿಗ್ರಿ ಶಾಖದಲ್ಲಿ ರಸಸಾರ 7 ಇರುವಾಗ ಒಟ್ಟು ಅಮೋನಿಯಾದಲ್ಲಿ ವಿಷಕಾರಿ ರೂಪದಲ್ಲಿರುವುದು ಶೇಕಡಾ ಅರ್ಧದಷ್ಟು ಮಾತ್ರ. ರಸಸಾರ 8 ಆದರೆ ಅದು ಶೇಕಡಾ 5ನ್ನು ಮೀರುತ್ತದೆ. ಕ್ಷಾರಗುಣದ ಕೊಳವೆಬಾವಿ ನೀರು ಬಳಸುವವರು ಆಹಾರ ಹಾಕುವಾಗ ಕೈ ಬಿಗಿ ಹಿಡಿಯಬೇಕಾದುದು ಇದೇ ಕಾರಣಕ್ಕೆ.

ಕೊಳವೆಬಾವಿಯಿಂದ ಆಗತಾನೇ ಎತ್ತಿದ ನೀರಿನಲ್ಲಿ ಪ್ರಾಣವಾಯು ಕಡಿಮೆ, ಇಂಗಾಲಾಮ್ಲ ಹೆಚ್ಚು. ಅದನ್ನು ಒಂದು ದಿನ ತೆರೆದ ಪಾತ್ರೆಯಲ್ಲಿಟ್ಟು ಗಾಳಿಯಾಡಿಸಿ, ಅನಂತರ ರಸಸಾರ ಅಳೆಯಬೇಕು. ಮೊದಲೇ ಅಳೆದರೆ ಇರುವುದಕ್ಕಿಂತ ಕಡಿಮೆ ತೋರಿಸಿ ಮೋಸಮಾಡುತ್ತದೆ. ಬಯಲುಸೀಮೆಯ ಬಹಳ ಗಡಸಾದ ನೀರಿಗೆ ಅರ್ಧದಷ್ಟು ಮಳೆನೀರು ಬೆರೆಸುವುದು ಅಗ್ಗವೂ ಸುಲಭವೂ ಆದ ಉಪಾಯ. ಮೊದಲ ಒಂದೆರಡು ಮಳೆಯಲ್ಲಿ ಮಾಡು ತೊಳೆದುಹೋಗಲಿ, ಅನಂತರ ಹಂಚಿನ ಮಾಡಿನಿಂದ ಹಿಡಿಯಿರಿ. ಸತುವಿನ ಲೇಪನದ ತಗಡಿನಿಂದ ಬಿದ್ದ ನೀರು ಬೇಡ, ಸತುವು ಮೀನಿಗೆ ವಿಷ. ಮಳೆನೀರನ್ನು ಮಾತ್ರವೇ ತುಂಬುವುದೂ ಸಲ್ಲದು. ಅಮೋನಿಯಂ ಸಲ್ಫೇಟನ್ನು ಸತತವಾಗಿ ಹಾಕಿದ ಮಣ್ಣು ಹುಳಿಯಾಗುವಂತೆ, ತಡೆಯುವ ಸುಣ್ಣದ ಅಂಶವಿಲ್ಲದ ನೀರು ದಿನಗಳೆದಂತೆ ಹುಳಿಯಾಗಿ ಒಮ್ಮೆಲೇ ಕುಸಿಯುತ್ತದೆ. ಕ್ರಿಬ್‌ಗೆ ರಸಸಾರ 6.5ರಿಂದ 7.5, ಶಾಖ 24ರಿಂದ 27 ಡಿಗ್ರಿ ಇದ್ದರೆ ಸಾಕು.

ತೊಟ್ಟಿಯ ಸಜ್ಜು

ಎತ್ತರಕ್ಕಿಂತ ತಳದ ವಿಸ್ತೀರ್ಣ ಮುಖ್ಯ. 90 ಸೆಂ.ಮೀ. ಉದ್ದ, 30 ಸೆಂ.ಮೀ. ಅಗಲ, 40 ಸೆಂ.ಮೀ. ಎತ್ತರದ ತೊಟ್ಟಿ ಸುಮಾರು 100 ಲೀಟರ್ ನೀರು ಹಿಡಿಯುತ್ತದೆ. ಒಂದು ಜೋಡಿಗೂ ಅದರ ಸಂಗಡಿಗರಿಗೂ ಇದು ತಕ್ಕದ್ದು. ತಳಕ್ಕೆ ಹೊಳೆಯ ಸಣ್ಣ ಮರಳು ಹಾಕಬೇಕು. ಮೊದಲು ಒಂದು ಹಿಡಿ ಮರಳಿನ ಮೇಲೆ ನಿಂಬೆರಸ ಹಿಂಡಿ ನೋಡಿ. ಗುಳ್ಳೆ ಎದ್ದರೆ ಸುಣ್ಣವಿದೆಯೆಂದು ತಿಳಿದು ಬೇರೆ ಮರಳು ಹುಡುಕಿ. ಒಂದು ಮೂಲೆಯಲ್ಲಿ ವ್ಯಾಲಿಸ್ನೇರಿಯ ಗಿಡಗಳನ್ನು ಒತ್ತಾಗಿ ನೆಡಿ.

ಕ್ರಿಬ್ ಗುಹೆಯಲ್ಲಿ ಮೊಟ್ಟೆಯಿಡುವ ಮೀನು. ಇದಕ್ಕೆ ತೆಂಗಿನ ಕರಟಕ್ಕಿಂತ ಒಳ್ಳೆಯ ಮನೆ ಇಲ್ಲ. ಅರ್ಧ ಕರಟದ ಅಂಚಿನಲ್ಲಿ ಎರಡು ಬೆರಳು ಹೋಗುವಷ್ಟು ಕಂಡಿ ಮಾಡಿ, ನೀರಿಗೆ ಬಣ್ಣ ಬಿಡುವುದು ಕಡಿಮೆಯಾಗುವವರೆಗೆ ಕುದಿಸಿ, ಮರಳಿನ ಮೇಲೆ ಕವುಚಿ ಇಡಬೇಕು. ಒಂದಲ್ಲ, ದೂರದೂರಕ್ಕೆ ಎರಡು ಮೂರು ಇಡಿ. ಮನೆಯ ಆಯ್ಕೆ ಹೆಣ್ಣಿಗೆ ಬಿಟ್ಟದ್ದು. ನಾವು ಇಷ್ಟಪಟ್ಟು ಎದುರಿಗಿಟ್ಟ ಕರಟವನ್ನು ಅದು ಆರಿಸುವುದು ಅಪರೂಪ.

ಸಂಗಡಿಗರಾಗಿ ನೀರಿನ ಮೇಲುಸ್ತರದಲ್ಲಿ ಚುರುಕಾಗಿ ಈಜುವ ಮೀನುಗಳನ್ನು ಆರಿಸಬೇಕು. ನಮ್ಮ ದೇಶದ್ದೇ ಆದ ಜೀಬ್ರಾ ಡ್ಯಾನಿಯೋ ಏಳೆಂಟು ಇದ್ದರೆ ಚೆನ್ನ. ಅವು ಎದುರಿಗೆ ನಿರ್ಭಯವಾಗಿ ಓಡಾಡುವುದನ್ನು ಕಂಡು ಕ್ರಿಬ್‌ಗಳೂ ಅಡಗುವುದನ್ನು ಬಿಡುತ್ತವೆ. ತಳದಲ್ಲಿ ತಡಕಾಡುವ ಕೋರಿಡೋರಾಸ್ ಮುಂತಾದ ಮೀಸೆ ಮೀನುಗಳನ್ನು ಬಿಡಕೂಡದು. ಅವು ರಾತ್ರಿ ಮೊಟ್ಟೆ ತಿನ್ನುತ್ತವೆ, ಹಗಲು ಕ್ರಿಬ್‌ಗಳಿಂದ ಏಟು ತಿನ್ನುತ್ತವೆ. ಉದ್ದ ರೆಕ್ಕೆಯ ನಿಧಾನ ಮೀನುಗಳೂ ಬೇಡ.

ಜೋಡಿ ಕೂಡುವುದು ಮತ್ತು ಮೊಟ್ಟೆ

ಅಂಗಡಿಯವರು ಹಿಡಿದುಕೊಟ್ಟ ಒಂದು ಗಂಡು ಒಂದು ಹೆಣ್ಣು ಜೋಡಿಯಾಗಿಯೇ ತೀರುತ್ತವೆಂಬ ನಿಯಮವಿಲ್ಲ. ಐದಾರು ಎಳೆಯ ಮೀನುಗಳನ್ನು ತಂದು ಒಟ್ಟಿಗೆ ಬೆಳೆಸಿ, ಅವೇ ಜೋಡಿ ಕಟ್ಟಿಕೊಂಡ ಮೇಲೆ ಉಳಿದವನ್ನು ಬೇರೆ ಮಾಡುವುದು ಉತ್ತಮ ಕ್ರಮ. ಗಂಡು ಸುಮಾರು 10 ಸೆಂ.ಮೀ. ಬೆಳೆಯುತ್ತದೆ, ಅದರ ಬೆನ್ನುರೆಕ್ಕೆಯ ತುದಿ ಚೂಪು. ಹೆಣ್ಣು ಚಿಕ್ಕದು, ಹೊಟ್ಟೆ ದುಂಡಗೆ; ಬೆದೆಗೆ ಬಂದಾಗ ಆ ಹೊಟ್ಟೆ ಮಾಗಿದ ನೇರಳೆಯ ಹಣ್ಣಿಗೆ ಕುಂಕುಮ ಬೆರೆಸಿದಂತಾಗುತ್ತದೆ. ಇಲ್ಲಿ ಮುಂದಾಗುವುದು ಸಾಮಾನ್ಯವಾಗಿ ಹೆಣ್ಣೇ. ಮೈ ಬಾಗಿಸಿ ಹೊಟ್ಟೆಯ ಬಣ್ಣ ತೋರಿಸುತ್ತ ಗಂಡಿನ ಮುಂದೆ ಕಂಪಿಸುತ್ತದೆ. ಅನಂತರ ಎರಡೂ ಸೇರಿ ಕರಟದೊಳಗಿನ ಮರಳನ್ನು ಬಾಯಿಂದ ಹೊತ್ತು ಹೊರಹಾಕುತ್ತವೆ.

ಹೆಣ್ಣು ಹೊರಗೆ ಕಾಣಿಸಿಕೊಳ್ಳುವುದು ಅಪರೂಪವಾಗಿ, ಗಂಡು ಬಾಗಿಲಲ್ಲಿ ಕಾವಲು ನಿಂತಿತೆಂದರೆ ಗುಹೆಯ ಒಳಛಾವಣಿಗೆ ಮೊಟ್ಟೆ ಅಂಟಿಸಿದೆಯೆಂದು ತಿಳಿಯಬೇಕು. ಮೊಟ್ಟೆಗಳು ಐವತ್ತರಿಂದ ಮುನ್ನೂರರವರೆಗೆ ಇರಬಹುದು. ಕರಟ ಎತ್ತಿ ನೋಡುವ ಚಪಲ ಬಹಳ ಬರುತ್ತದೆ, ಎತ್ತಬೇಡಿ. ಗಾಬರಿಯಾದ ತಾಯಿ ಮೊಟ್ಟೆಗಳನ್ನೆಲ್ಲ ನುಂಗಿಬಿಡುವುದುಂಟು. ಎರಡು ಮೂರು ದಿನಗಳಲ್ಲಿ ಮೊಟ್ಟೆ ಒಡೆಯುತ್ತದೆ. ಮೊಟ್ಟೆಯಿಟ್ಟ ಒಂದು ವಾರದ ಸುಮಾರಿಗೆ ಮರಿಗಳು ಈಜುತ್ತ ತಾಯಿಯ ಹಿಂದೆ ಹೊರಬರುತ್ತವೆ. ಮೊದಲ ಸೂಲಿನ ಮೊಟ್ಟೆಗಳು ಬಿಳಿಚಿ ಬೂಷ್ಟು ಹಿಡಿದರೆ, ಅಥವಾ ತಂದೆತಾಯಿಗಳೇ ತಿಂದರೆ, ನಿರಾಶರಾಗಬೇಕಿಲ್ಲ. ಚೊಚ್ಚಲಿನಲ್ಲಿ ಇದು ಸಾಮಾನ್ಯ.

ಮೊಟ್ಟೆಯ ಕಾಲದ ನೀರಿನ ಗುಣ ಮರಿಗಳ ಲಿಂಗದ ಮೇಲೂ ಪರಿಣಾಮ ಮಾಡುತ್ತದೆ. ಕ್ರಿಬ್‌ನಲ್ಲಿ ನೀರು ಹುಳಿಯಾದಷ್ಟೂ ಗಂಡುಮರಿಗಳ ಪಾಲು ಏರುತ್ತದೆ, ತಟಸ್ಥದತ್ತ ಬಂದಂತೆ ಹೆಣ್ಣುಗಳ ಪಾಲು ಹೆಚ್ಚುತ್ತದೆ. ಎಲ್ಲ ಮರಿಯೂ ಗಂಡೇ ಆಯಿತೆಂದು ಗೋಳಾಡುವವರು ಮೊದಲು ರಸಸಾರ ನೋಡಬೇಕು. ಮಾರಾಟದ ಉದ್ದೇಶವಿರುವವರಿಗಂತೂ ಇದು ಲಾಭನಷ್ಟದ ಪ್ರಶ್ನೆ, ಏಕೆಂದರೆ ಕೊಳ್ಳುವವರು ಕೇಳುವುದು ಜೋಡಿಯನ್ನು.

ಮರಿಗಳ ಆರೈಕೆ

ಆಗತಾನೇ ಒಡೆದ ಆರ್ಟೀಮಿಯ ಮರಿಗಳು ಮೊದಲ ದಿನದಿಂದಲೇ ಉತ್ತಮ ಆಹಾರ. ಒಂದು ಲೀಟರ್ ನೀರಿಗೆ 25ರಿಂದ 30 ಗ್ರಾಂ ಉಪ್ಪು ಕರಗಿಸಿ, ಕಾಲು ಚಮಚ ಆರ್ಟೀಮಿಯ ಮೊಟ್ಟೆ ಹಾಕಿ, 28 ಡಿಗ್ರಿ ಶಾಖದಲ್ಲಿ ಜೋರಾಗಿ ಗಾಳಿಯಾಡಿಸಿದರೆ ಒಂದು ಒಂದೂವರೆ ದಿನದಲ್ಲಿ ಮರಿ ಸಿದ್ಧ. ತೆಳು ಬಟ್ಟೆಯಲ್ಲಿ ಸೋಸಿ, ಸಿಹಿನೀರಿನಲ್ಲಿ ತೊಳೆದು, ದಿನಕ್ಕೆ ಮೂರು ನಾಲ್ಕು ಸಲ ಸ್ವಲ್ಪಸ್ವಲ್ಪವಾಗಿ ಹಾಕಬೇಕು. ಬೇಯಿಸಿದ ಮೊಟ್ಟೆಯ ಹಳದಿ ಅಗ್ಗವೆಂದು ಹಲವರು ಹಾಕುತ್ತಾರೆ. ನೀರನ್ನು ಅಷ್ಟು ಬೇಗ ಕೆಡಿಸುವ ಪದಾರ್ಥ ಮತ್ತೊಂದನ್ನು ನಾನು ಕಂಡಿಲ್ಲ.

ರಾತ್ರಿ ದೀಪವನ್ನು ಥಟ್ಟನೆ ಆರಿಸಬಾರದು. ಕತ್ತಲಾಗುವ ಮುನ್ನ ತಾಯಿ ಮರಿಗಳನ್ನು ಬಾಯಿಂದ ಹೆಕ್ಕಿ ಗುಹೆಗೆ ಸೇರಿಸಲು ಅವಕಾಶ ಬೇಕು. ಕೋಣೆಯ ಜೀರೋ ಬಲ್ಬ್ ಅರ್ಧ ಗಂಟೆ ಉರಿದರೂ ಸಾಕು. ವಾರಕ್ಕೊಮ್ಮೆ ಕಾಲು ಭಾಗ ನೀರು ಬದಲಿಸಿ. ತೆಗೆದ ನೀರಿನಲ್ಲಿ ನೈಟ್ರೇಟ್ ಇರುವುದರಿಂದ ಕೈತೋಟದ ಸೊಪ್ಪಿನ ಮಡಿಗೆ ಹಾಕಿ. ಸ್ಪಂಜನ್ನು ತೊಟ್ಟಿಯಿಂದ ತೆಗೆದ ನೀರಿನಲ್ಲಿಯೇ ತೊಳೆಯಿರಿ, ಕ್ಲೋರಿನ್ ಇರುವ ನಲ್ಲಿ ನೀರಿನಲ್ಲಲ್ಲ.

ವಿದ್ಯುತ್ ಹೋದಾಗ ಆಹಾರ ನಿಲ್ಲಿಸಿ, ಗಂಟೆಗೊಮ್ಮೆ ಚೊಂಬಿನಲ್ಲಿ ನೀರು ಮೊಗೆದು ಮರಿಗಳಿಂದ ದೂರದ ಮೂಲೆಯಲ್ಲಿ ಒಂದು ಗೇಣು ಎತ್ತರದಿಂದ ಸುರಿಯಿರಿ. ಇದಕ್ಕಿಂತ ದೊಡ್ಡ ಅಪಾಯ ರೈತರ ಮನೆಗಳಲ್ಲಿ ಕೀಟನಾಶಕದ್ದು. ಪೈರೆಥ್ರಾಯ್ಡ್ ಗುಂಪಿನ ಔಷಧಗಳು ಅತ್ಯಲ್ಪ ಪ್ರಮಾಣದಲ್ಲಿಯೂ ಮೀನಿಗೆ ಮಾರಕ. ಸಿಂಪರಣೆ ಮಾಡಿ ಬಂದವರು ಸ್ನಾನ ಮಾಡದೆ ತೊಟ್ಟಿಗೆ ಕೈ ಹಾಕಬಾರದು. ಸಿಂಪರಣೆಗೆ ಬಳಸಿದ ಬಕೆಟ್ಟನ್ನು ಎಷ್ಟು ತೊಳೆದರೂ ತೊಟ್ಟಿಯ ನೀರಿಗೆ ಬಳಸಬಾರದು. ಸೊಳ್ಳೆಬತ್ತಿಗಳಲ್ಲಿ ಇರುವುದೂ ಸಾಮಾನ್ಯವಾಗಿ ಇದೇ ಗುಂಪಿನ ಔಷಧ. ಅದು ಉರಿಯುವ ಕೋಣೆಯ ಗಾಳಿಯನ್ನು ಏರ್ ಪಂಪ್ ನೇರವಾಗಿ ನೀರಿಗೆ ತಳ್ಳುತ್ತದೆಂಬುದು ನೆನಪಿರಲಿ.

ನಾಲ್ಕರಿಂದ ಆರು ವಾರದ ಮರಿಗಳನ್ನು ಬೇರೆ ತೊಟ್ಟಿಗೆ ತೆಗೆಯಬೇಕು. ಆ ವೇಳೆಗೆ ಜೋಡಿ ಮುಂದಿನ ಸೂಲಿಗೆ ಸಿದ್ಧವಾಗಿ ಹಳೆಯ ಮರಿಗಳನ್ನೇ ಅಟ್ಟತೊಡಗುತ್ತದೆ. ಹೆಚ್ಚಾದ ಮರಿಗಳನ್ನು ಅಂಗಡಿಗೆ ಕೊಡಿ, ನೆರೆಯವರಿಗೆ ಕೊಡಿ. ಊರ ಕೆರೆಗೆ ಅಥವಾ ಕೃಷಿಹೊಂಡಕ್ಕೆ ಮಾತ್ರ ಬಿಡಬೇಡಿ. ಮೊಜಾಂಬಿಕ್ ತಿಲಾಪಿಯವನ್ನು 1952ರಲ್ಲಿ ಆಹಾರದ ಮೀನೆಂದು ದೇಶಕ್ಕೆ ತರಲಾಯಿತು. ಈಗ ಅದನ್ನು ನಮ್ಮ ಜಲಾಶಯಗಳಿಂದ ಹೊರಹಾಕುವ ಮಾರ್ಗ ಯಾರಿಗೂ ತೋರದಾಗಿದೆ.