ಮನೆಯೇ ಶಾಲೆಯಾದರೆ: ಕ್ರೈಸ್ತ ಪಠ್ಯಕ್ರಮ ಆರಿಸುವ ಪೋಷಕರು ತಿಳಿದಿರಬೇಕಾದ ಕಾನೂನು

ಚಾಮರಾಜನಗರ ಜಿಲ್ಲೆಯ ಕುದೇರಿನಲ್ಲಿ ಕೂತು ಮೊಬೈಲ್ ಒತ್ತಿದರೆ ಸಾಕು, ಅಮೆರಿಕದ ಕ್ರೈಸ್ತ ಹೋಂಸ್ಕೂಲ್ ಪಠ್ಯಕ್ರಮಗಳು ಸಾಲುಗಟ್ಟಿ ನಿಲ್ಲುತ್ತವೆ. ಅಬೆಕಾ, ಸನ್‌ಲೈಟ್, ಎಸಿಇ ಹೀಗೆ ಹೆಸರುಗಳು ಹಲವು. ಆರೇಳು ವರ್ಷದ ಮಗುವಿಗೆ ಮನೆಯಲ್ಲೇ, ತಮ್ಮ ನಂಬಿಕೆಯ ಜೊತೆಜೊತೆಗೆ ಓದು ಕಲಿಸಬೇಕು ಎಂದುಕೊಂಡ ತಂದೆತಾಯಿ ಸಾಮಾನ್ಯವಾಗಿ ಕೇಳುವುದು ‘ಇವುಗಳಲ್ಲಿ ಯಾವುದು ಒಳ್ಳೆಯದು?’ ಎಂದು. ಅದಕ್ಕೂ ಮೊದಲು ಕೇಳಬೇಕಾದ ಪ್ರಶ್ನೆಗಳು ಎರಡಿವೆ. ಕಾನೂನು ಏನು ಹೇಳುತ್ತದೆ? ನಾಳೆ ಮಗು ಶಾಲೆಗೆ ಸೇರಬೇಕಾಗಿ ಬಂದರೆ ದಾರಿ ತೆರೆದಿರುತ್ತದೆಯೇ?

ಹಕ್ಕು ಮಗುವಿನದು

ಸಂವಿಧಾನದ 21ಎ ವಿಧಿ 6ರಿಂದ 14 ವರ್ಷದ ಪ್ರತಿ ಮಗುವಿಗೂ ಉಚಿತ, ಕಡ್ಡಾಯ ಶಿಕ್ಷಣದ ಹಕ್ಕು ಕೊಟ್ಟಿದೆ. ಈ ಹಕ್ಕು ಮಗುವಿನದು, ಪೋಷಕರದಲ್ಲ. ಅದೇ ವಯಸ್ಸಿನ ಮಗುವಿಗೆ ಕಲಿಯುವ ಅವಕಾಶ ಒದಗಿಸುವುದು ಪೋಷಕರ ಮೂಲಭೂತ ಕರ್ತವ್ಯ ಎನ್ನುತ್ತದೆ 51ಎ ವಿಧಿ. 2010ರ ಏಪ್ರಿಲ್ 1ರಂದು ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆಯ ಕಲಂ 10 ಇನ್ನೂ ನೇರವಾಗಿದೆ: ಮಗುವನ್ನು ನೆರೆಹೊರೆಯ ಶಾಲೆಗೆ ಸೇರಿಸುವುದು ಪೋಷಕರ ಕರ್ತವ್ಯ. ಆದರೆ ಸೇರಿಸದ ಪೋಷಕರಿಗೆ ಈ ಕಾಯ್ದೆಯಲ್ಲಿ ದಂಡವಾಗಲಿ ಜೈಲಾಗಲಿ ಇಲ್ಲ.

ಮನೆಶಿಕ್ಷಣಕ್ಕೆ ಸ್ಪಷ್ಟ ಮನ್ನಣೆ ಕೊಡುವ ಕಲಂ ಕೂಡ ಇಲ್ಲ. ಸ್ವಇಚ್ಛೆಯಿಂದ ಮನೆಯಲ್ಲೇ ಕಲಿಸುವ ಪೋಷಕರು ಮುಂದುವರಿಯಬಹುದು, ಕಾಯ್ದೆ ಅದಕ್ಕೆ ಅಡ್ಡ ಬರುವುದಿಲ್ಲ ಎಂಬ ನಿಲುವನ್ನು ಕೇಂದ್ರ ಸರ್ಕಾರ 2012ರಲ್ಲಿ ದೆಹಲಿ ಹೈಕೋರ್ಟ್ ಮುಂದೆ ಇಟ್ಟಿತ್ತು. ಅದೊಂದು ಅಫಿಡವಿಟ್, ಶಾಸನವಲ್ಲ. ಹಾಗಾಗಿ ಮನೆಶಿಕ್ಷಣವನ್ನು ಅಪರಾಧ ಎನ್ನುವುದೂ ತಪ್ಪು, ಅದಕ್ಕೆ ಕಾನೂನಿನ ಪೂರ್ತಿ ಬೆಂಬಲವಿದೆ ಎನ್ನುವುದೂ ತಪ್ಪು.

ಧರ್ಮಕ್ಕಾಗಿಯೇ ಶಾಲೆ ಬಿಡಿಸಬೇಕೇ?

ಮನೆಯಲ್ಲಿ ಮಗುವಿಗೆ ಬೈಬಲ್ ಕಲಿಸಲು ಯಾರ ಅನುಮತಿಯೂ ಬೇಡ. 25ನೇ ವಿಧಿ ಆ ಸ್ವಾತಂತ್ರ್ಯ ಕೊಟ್ಟಿದೆ. ಶಾಲೆಯಲ್ಲೂ ರಕ್ಷಣೆ ಇದೆ. ಪೂರ್ತಿಯಾಗಿ ಸರ್ಕಾರದ ಹಣದಲ್ಲೇ ನಡೆಯುವ ಶಾಲೆಯಲ್ಲಿ ಯಾವ ಧರ್ಮದ ಬೋಧನೆಯೂ ಕೂಡದು ಎನ್ನುತ್ತದೆ 28ನೇ ವಿಧಿ. ಮಾನ್ಯತೆ ಅಥವಾ ಅನುದಾನ ಪಡೆದ ಬೇರೆ ಶಾಲೆಯಾದರೂ ಪೋಷಕರ ಒಪ್ಪಿಗೆಯಿಲ್ಲದೆ ಮಗುವನ್ನು ಧಾರ್ಮಿಕ ಬೋಧನೆಗೋ ಪೂಜೆಗೋ ಕೂರಿಸುವಂತಿಲ್ಲ.

ಕೇರಳದ ಮೂವರು ಮಕ್ಕಳ ಪ್ರಕರಣವನ್ನು ಇಲ್ಲಿ ನೆನೆಯಬೇಕು. ಯೆಹೋವನ ಸಾಕ್ಷಿಗಳ ಪಂಥಕ್ಕೆ ಸೇರಿದ ಈ ಮಕ್ಕಳು ರಾಷ್ಟ್ರಗೀತೆಯ ವೇಳೆ ಗೌರವದಿಂದ ಎದ್ದು ನಿಲ್ಲುತ್ತಿದ್ದರು, ಹಾಡುತ್ತಿರಲಿಲ್ಲ. ಶಾಲೆ ಅವರನ್ನು ಹೊರಹಾಕಿತು. 1986ರ ಬಿಜೋ ಇಮ್ಯಾನುಯೆಲ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಆ ಮಕ್ಕಳ ಪರ ನಿಂತು, ಅವರನ್ನು ಮತ್ತೆ ಸೇರಿಸಿಕೊಳ್ಳಲು ಹೇಳಿತು. ಶಾಲೆಗೆ ಹೋದರೆ ನಂಬಿಕೆಗೆ ಧಕ್ಕೆ ಎಂಬ ಭಯ ಒಂದೇ ಕಾರಣವಾಗಿದ್ದರೆ, ಮೊದಲು ಮುಖ್ಯಶಿಕ್ಷಕರಿಗೆ ಲಿಖಿತ ಮನವಿ ಕೊಟ್ಟು ನೋಡಿ. ಶಾಲೆಯ ಪಾಠ ಶಾಲೆಯಲ್ಲಿ, ಬೈಬಲ್ ಪಾಠ ಸಂಜೆ ಮನೆಯಲ್ಲಿ ಎಂಬ ಹೊಂದಾಣಿಕೆ ಎಷ್ಟೋ ಮನೆಗಳಿಗೆ ಸಾಕಾಗುತ್ತದೆ.

ಪಠ್ಯಕ್ರಮ ಆರಿಸುವಾಗ

ಮನೆಯಲ್ಲೇ ಕಲಿಸುವುದೆಂದು ತೀರ್ಮಾನಿಸಿದ್ದರೆ ಒಂದೇ ಅಳತೆಗೋಲು ಇಟ್ಟುಕೊಳ್ಳಿ: ಇದನ್ನು ಓದಿದ ಮಗು ಯಾವ ವರ್ಷ ಬೇಕಾದರೂ ಊರಿನ ಶಾಲೆಯ ಬೆಂಚಿನ ಮೇಲೆ ಕೂರಬಲ್ಲದೇ?

ಅಮೆರಿಕದ ಗಣಿತ ಪುಸ್ತಕದಲ್ಲಿ ಒಂದು ಕ್ವಾರ್ಟರ್, ಮೂರು ಡೈಮ್ ಸೇರಿದರೆ ಎಷ್ಟು ಎಂಬಂಥ ಲೆಕ್ಕ ಬರುತ್ತದೆ. 55 ಸೆಂಟ್ ಎಂದು ಉತ್ತರ ಬರೆದ ಮಗುವಿಗೆ ಸಂತೇಮರಹಳ್ಳಿ ಸಂತೆಯಲ್ಲಿ ನೂರರ ನೋಟಿಗೆ ಚಿಲ್ಲರೆ ಎಣಿಸಲು ಬರದಿದ್ದರೆ ಆ ಪಾಠ ಅರ್ಧವೇ. ಇಂಚು, ಪೌಂಡ್, ಫ್ಯಾರನ್‌ಹೀಟ್‌ಗೂ ಇದೇ ಮಾತು. ಸಮಾಜ ಪಾಠದಲ್ಲಿ ವಾಷಿಂಗ್ಟನ್, ಲಿಂಕನ್ ಇರುತ್ತಾರೆ. ನಮ್ಮ ಪಂಚಾಯಿತಿ, ಕಾವೇರಿ, ಸಂವಿಧಾನ ಇರುವುದಿಲ್ಲ. ಎಲ್ಲಕ್ಕಿಂತ ದೊಡ್ಡ ಕೊರತೆ ಕನ್ನಡ. 2015ರ ಕನ್ನಡ ಭಾಷಾ ಕಲಿಕಾ ಕಾಯ್ದೆಯ ಪ್ರಕಾರ ರಾಜ್ಯದ ಶಾಲೆಗಳು ಕನ್ನಡವನ್ನು ಪ್ರಥಮ ಅಥವಾ ದ್ವಿತೀಯ ಭಾಷೆಯಾಗಿ ಕಲಿಸಲೇಬೇಕು. ಕನ್ನಡ ಓದು ಬರಹ ಬಾರದ ಮಗು ನಾಲ್ಕನೇ ತರಗತಿಗೆ ಬಂದು ಸೇರಿದರೆ ಮೊದಲ ದಿನವೇ ಹಿಂದೆ ಬೀಳುತ್ತದೆ.

ಆದ್ದರಿಂದ ನಂಬಿಕೆಯ ಪಾಠಕ್ಕೆ ನಿಮಗೆ ಇಷ್ಟವಾದ ಕ್ರೈಸ್ತ ಪಠ್ಯ ಇರಲಿ. ಕನ್ನಡ, ಗಣಿತ, ಪರಿಸರ ಅಧ್ಯಯನಕ್ಕೆ ಕರ್ನಾಟಕ ಪಠ್ಯಪುಸ್ತಕ ಸಂಘದ ಅಥವಾ ಎನ್‌ಸಿಇಆರ್‌ಟಿಯ ಪುಸ್ತಕವೇ ಬೆನ್ನೆಲುಬಾಗಲಿ. ಇವೆರಡೂ ಅಂತರ್ಜಾಲದಲ್ಲಿ ಉಚಿತ. ಮಗು ತನ್ನದೇ ವೇಗದಲ್ಲಿ ಕಲಿಯಲಿ ಎಂಬ ಕಾರಣಕ್ಕೆ ಎಸಿಇಯ ಪುಸ್ತಿಕೆಗಳನ್ನು ಮೆಚ್ಚುವವರಿದ್ದಾರೆ. ಅಂಥವರು ನಮ್ಮ ಸರ್ಕಾರಿ ಶಾಲೆಯ ನಲಿಕಲಿ ಕಾರ್ಡುಗಳನ್ನೂ ಒಮ್ಮೆ ನೋಡಲಿ. ತನ್ನ ವೇಗದಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಕಲಿಯುವ ಆ ಪದ್ಧತಿ 1990ರ ದಶಕದಲ್ಲಿ ಹುಟ್ಟಿದ್ದು ಪಕ್ಕದ ಮೈಸೂರು ಜಿಲ್ಲೆಯ ಎಚ್.ಡಿ. ಕೋಟೆಯಲ್ಲೇ.

ದಾಖಲೆ ಮತ್ತು ಎಚ್ಚರಿಕೆ

1. ಜನನ ಪ್ರಮಾಣಪತ್ರ, ಲಸಿಕೆ ಕಾರ್ಡ್, ಆಧಾರ್ ಒಂದೇ ಕಡತದಲ್ಲಿರಲಿ. ಮಗು ಮೊದಲು ಶಾಲೆಗೆ ಹೋಗಿದ್ದರೆ ವರ್ಗಾವಣೆ ಪತ್ರ ಪಡೆಯಿರಿ. ಅದನ್ನು ತಕ್ಷಣ ಕೊಡುವುದು ಶಿಕ್ಷಣ ಹಕ್ಕು ಕಾಯ್ದೆಯ ಕಲಂ 5ರ ಪ್ರಕಾರ ಮುಖ್ಯಶಿಕ್ಷಕರ ಹೊಣೆ.

2. ದಿನಚರಿ ಪುಸ್ತಕ ಇಡಿ. ದಿನಾಂಕ, ವಿಷಯ, ಪುಟ, ಮಗು ಬರೆದದ್ದು ಇಷ್ಟಿದ್ದರೆ ಸಾಕು. ತಿಂಗಳಿಗೊಂದು ಕಿರುಪರೀಕ್ಷೆಯ ಹಾಳೆಯನ್ನೂ ಜೋಪಾನ ಮಾಡಿ.

3. ಶಾಲೆಯಿಂದ ಹೊರಗುಳಿದ ಮಕ್ಕಳ ಬಗ್ಗೆ ಕರ್ನಾಟಕ ಹೈಕೋರ್ಟ್ 2013ರಲ್ಲಿ ಸ್ವಯಂಪ್ರೇರಿತವಾಗಿ ಪ್ರಕರಣ ಕೈಗೆತ್ತಿಕೊಂಡ ಮೇಲೆ ಶಿಕ್ಷಣ ಇಲಾಖೆ ಈ ವಿಷಯದಲ್ಲಿ ಬಿಗಿಯಾಗಿದೆ. ಮನೆಮನೆ ಸಮೀಕ್ಷೆಗೆ ಬಂದವರಿಂದ ಮಗುವನ್ನು ಮರೆಮಾಡಬೇಡಿ. ಏನು ಕಲಿಸುತ್ತಿದ್ದೀರಿ ಎಂದು ದಿನಚರಿ ತೋರಿಸಿ ಹೇಳಿ. ಚಾಮರಾಜನಗರದ ಅಥವಾ ಗುಂಡ್ಲುಪೇಟೆಯ ಕ್ಷೇತ್ರ ಶಿಕ್ಷಣಾಧಿಕಾರಿಗೆ ನೀವಾಗಿಯೇ ಒಂದು ಪತ್ರ ಕೊಟ್ಟು ಸ್ವೀಕೃತಿ ಪಡೆದಿದ್ದರೆ ಇನ್ನೂ ಒಳ್ಳೆಯದು.

4. ಅಕ್ಕಪಕ್ಕದ ಮಕ್ಕಳನ್ನೂ ಕೂಡಿಸಿ, ಶುಲ್ಕ ಪಡೆದು ದಿನವಿಡೀ ಪಾಠ ಶುರುಮಾಡಿದರೆ ಅದನ್ನು ಮಾನ್ಯತೆಯಿಲ್ಲದ ಶಾಲೆ ಎಂದು ಪರಿಗಣಿಸುವ ಅಪಾಯವಿದೆ. ಅಂಥ ಶಾಲೆಗೆ ಶಿಕ್ಷಣ ಹಕ್ಕು ಕಾಯ್ದೆಯ ಕಲಂ 18ರ ಪ್ರಕಾರ 1 ಲಕ್ಷ ರೂಪಾಯಿವರೆಗೆ ದಂಡ, ಮುಂದುವರಿಸಿದರೆ ದಿನಕ್ಕೆ 10 ಸಾವಿರ ರೂಪಾಯಿ.

5. ಮಗು ಮನೆಯಲ್ಲೇ ಇದೆಯೆಂದು ರೇಷ್ಮೆ ಸಾಕಣೆಗೋ ಅರಿಸಿನದ ಹೊಲಕ್ಕೋ ಹಚ್ಚಬೇಡಿ. 2016ರಲ್ಲಿ ತಿದ್ದುಪಡಿಯಾದ ಬಾಲಕಾರ್ಮಿಕ ಕಾಯ್ದೆ 14ರೊಳಗಿನ ಮಗುವಿಗೆ ಬಿಟ್ಟಿರುವುದು ಶಾಲಾ ಸಮಯದ ನಂತರವೋ ರಜೆಯಲ್ಲೋ, ಅಪಾಯವಿಲ್ಲದ ಮನೆಕೆಲಸ, ಮನೆಕಸುಬಿನ ನೆರವನ್ನಷ್ಟೇ.

ಮತ್ತೆ ಶಾಲೆಗೆ ಸೇರುವಾಗ

ಶಿಕ್ಷಣ ಹಕ್ಕು ಕಾಯ್ದೆಯ ಕಲಂ 4 ಈ ಸಂದರ್ಭಕ್ಕೆಂದೇ ಇದೆ. ಆರು ವರ್ಷ ದಾಟಿಯೂ ಶಾಲೆಗೆ ಸೇರದ ಮಗುವನ್ನು ಅದರ ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿಕೊಳ್ಳಬೇಕು. ಸಹಪಾಠಿಗಳ ಮಟ್ಟಕ್ಕೆ ಬರಲು ವಿಶೇಷ ತರಬೇತಿ ಕೊಡಬೇಕು. ವಯಸ್ಸಿನ ದಾಖಲೆ ಇಲ್ಲವೆಂದು ಪ್ರವೇಶ ನಿರಾಕರಿಸುವಂತಿಲ್ಲ. ಕ್ರೈಸ್ತ ಕುಟುಂಬಗಳು ಇಲ್ಲಿ ಒಂದು ಅಂಶ ಗಮನಿಸಬೇಕು: ಸುಪ್ರೀಂ ಕೋರ್ಟಿನ 2014ರ ಪ್ರಮತಿ ತೀರ್ಪಿನ ಪ್ರಕಾರ ಅಲ್ಪಸಂಖ್ಯಾತ ಸಂಸ್ಥೆಗಳ ಶಾಲೆಗಳು ಈ ಕಾಯ್ದೆಯ ಹೊರಗಿವೆ. ಚರ್ಚಿನ ಕಾನ್ವೆಂಟ್ ನಮ್ಮದೇ ಎಂಬ ಭರವಸೆಯಲ್ಲಿ ಹೋದರೂ ಅಲ್ಲಿ ಕಲಂ 4ನ್ನು ಹಕ್ಕಾಗಿ ಕೇಳುವುದು ಕಷ್ಟ. ಸರ್ಕಾರಿ ಶಾಲೆ ಮಾತ್ರ ಇಲ್ಲವೆನ್ನುವಂತಿಲ್ಲ.

ಶಾಲೆ ಬೇಡವೆನ್ನುವವರಿಗೆ ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆ, ಅಂದರೆ ಎನ್‌ಐಒಎಸ್ ಇದೆ. ಅದರ ಮುಕ್ತ ಮೂಲ ಶಿಕ್ಷಣದ ಎ, ಬಿ, ಸಿ ಹಂತಗಳು ಕ್ರಮವಾಗಿ 3, 5, 8ನೇ ತರಗತಿಗೆ ಸಮ. 14 ತುಂಬಿದ ಮೇಲೆ ಅದರಲ್ಲೇ ಹತ್ತನೇ ತರಗತಿ ಪರೀಕ್ಷೆಗೆ ನೋಂದಾಯಿಸಬಹುದು. ವಿದೇಶಿ ಪಠ್ಯಕ್ರಮದವರು ಕೊಡುವ ಅಂಕಪಟ್ಟಿಯನ್ನೇ ನಂಬಿ ಕೂರಬೇಡಿ. ಇಲ್ಲಿ ಮಾನ್ಯವಾದ ಒಂದು ಪ್ರಮಾಣಪತ್ರ ಮಗುವಿನ ಕೈಯಲ್ಲಿರಲಿ.

ತೊಂದರೆ ಬಂದರೆ

ಪ್ರವೇಶ ನಿರಾಕರಿಸಿದರೆ ಕಾರಣವನ್ನು ಬರಹದಲ್ಲಿ ಕೇಳಿ. ಶಿಕ್ಷಣ ಹಕ್ಕು ಕಾಯ್ದೆಯ ಕಲಂ 32ರಡಿ ಸ್ಥಳೀಯ ಪ್ರಾಧಿಕಾರಕ್ಕೆ ಲಿಖಿತ ದೂರು ಕೊಟ್ಟು, ಪ್ರತಿಯನ್ನು ಕ್ಷೇತ್ರ ಶಿಕ್ಷಣಾಧಿಕಾರಿಗೆ ಕಳಿಸಿ. ಮೂರು ತಿಂಗಳೊಳಗೆ ತೀರ್ಮಾನ ಆಗಬೇಕು; ಅದು ಒಪ್ಪಿಗೆಯಾಗದಿದ್ದರೆ ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗಕ್ಕೆ ಮೇಲ್ಮನವಿ. ವಕೀಲರ ಖರ್ಚಿಗೆ ಹೆದರಬೇಡಿ. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯ ಕಲಂ 12ರ ಪ್ರಕಾರ ಮಹಿಳೆಯರಿಗೂ ಮಕ್ಕಳಿಗೂ ವರಮಾನ ನೋಡದೆ ಉಚಿತ ನೆರವು ಸಿಗುತ್ತದೆ. ಚಾಮರಾಜನಗರದ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಹೋಗಿ, ಇಲ್ಲವೇ 15100ಕ್ಕೆ ಕರೆಮಾಡಿ. ಪೆಟ್ಟಿಗೆಗಟ್ಟಲೆ ಪುಸ್ತಕಕ್ಕೆ ಹಣ ಕಟ್ಟುವ ಮೊದಲೇ ಆ ಕಚೇರಿಯಲ್ಲಿ ಒಮ್ಮೆ ಸಲಹೆ ಪಡೆಯಿರಿ. ನಂಬಿಕೆ ಕಲಿಸುವ ಹಕ್ಕು ನಿಮ್ಮದು, ಶಿಕ್ಷಣದ ಹಕ್ಕು ಮಗುವಿನದು. ಎರಡನ್ನೂ ಉಳಿಸುವ ಪಠ್ಯಕ್ರಮವನ್ನೇ ಆರಿಸಿ.