ಹೊರೆ ಹೊರುವವರ ಸಂಘ: ಅದರ ಗುಣ, ಅದರ ದೋಷ



ಸೊಲ್ಲಾಪುರದ ಬಜಾರ ಸಮಿತಿಗೆ ಉಳ್ಳಾಗಡ್ಡಿ ಒಯ್ದ ರೈತನು ಅಡತಿ ಅಂಗಡಿಯಲ್ಲಿ ಪಟ್ಟಿಯನ್ನು ಕೈಗೆ ತೆಗೆದುಕೊಂಡಾಗ ಮೊದಲು ದರ ನೋಡುತ್ತಾನೆ, ಆಮೇಲೆ ಕಡಿತ ನೋಡುತ್ತಾನೆ. ಗಾಡಿ ಬಾಡಿಗೆ, ಹಮಾಲಿ, ತೂಕದ ಖರ್ಚು ಎಂದು ಅಲ್ಲಿ ಬರೆದಿರುತ್ತದೆ. ಬಾಡಿಗೆ ಯಾರಿಗೆ ಹೋಯಿತೆಂಬುದು ಅವನಿಗೆ ಗೊತ್ತು. ಆದರೆ ಹಮಾಲಿಯ ದರವನ್ನು ಯಾರು ಗೊತ್ತುಮಾಡಿದರು, ಅದರಲ್ಲಿ ಚೀಲ ಹೊತ್ತವನ ಕೈಗೆ ಎಷ್ಟು ಸೇರುತ್ತದೆ ಎಂದು ಕೇಳಿದರೆ ಹೇಳಬಲ್ಲವರು ಕಡಿಮೆ.

ಕಾರ್ಮಿಕ ಸಂಘವೆಂದರೆ ಮುಂಬಯಿಯ ಗಿರಣಿಗಳಿಗೆ, ಪುಣೆ-ಹೊಸೂರಿನ ಕಾರಖಾನೆಗಳಿಗೆ ಮಾತ್ರ ಸಂಬಂಧಿಸಿದ್ದೆಂದು ನಮ್ಮಲ್ಲಿ ಅನೇಕರ ಭಾವನೆ. ಹಾಗಲ್ಲ. ರೈತನು ಹಮಾಲಿ ಕೊಡುವವನು, ವ್ಯಾಪಾರಿಯು ಹಮಾಲರಿಂದ ಕೆಲಸ ಮಾಡಿಸುವವನು, ಇವರಿಬ್ಬರ ಮಕ್ಕಳಲ್ಲಿ ಹಲವರು ಇಂದು ಕಾರಖಾನೆಯಲ್ಲಿ ಸಂಬಳಕ್ಕೆ ದುಡಿಯುವವರು. ಆದ್ದರಿಂದಲೇ ಒಂದೇ ಮನೆಯಲ್ಲಿ ಎರಡು ಮಾತು ಕೇಳಿಬರುತ್ತವೆ. ತಂದೆ “ಸಂಘ ಬಂತು, ಪೇಟೆ ಕೆಟ್ಟಿತು” ಎನ್ನುತ್ತಾನೆ. ಮಗ “ಸಂಘವಿಲ್ಲದಿದ್ದರೆ ನಮ್ಮನ್ನು ಕೇಳುವವರು ಯಾರು?” ಎನ್ನುತ್ತಾನೆ. ಇಬ್ಬರ ಮಾತಿನಲ್ಲಿಯೂ ನಿಜಾಂಶವಿದೆ. ಎಲ್ಲಿಯವರೆಗೆ ಮಗನ ಮಾತು ನಿಜ, ಎಲ್ಲಿಂದ ತಂದೆಯ ಮಾತು ನಿಜ ಎಂಬುದನ್ನು ಈ ಪಾಠದಲ್ಲಿ ವಿಚಾರಿಸೋಣ.

1. ಸಂಘ ಹುಟ್ಟಿದ ಬಗೆ

ಒಬ್ಬ ಮಾಲೀಕ ಮತ್ತು ಒಬ್ಬ ಕೂಲಿಯವ ಎದುರುಬದುರು ನಿಂತು ಕೂಲಿಯ ಮಾತಾಡುವಾಗ ಅವರಿಬ್ಬರೂ ಸಮಾನರಲ್ಲ. ಮಾಲೀಕನು ಒಂದು ತಿಂಗಳು ಕಾಯಬಲ್ಲನು, ಕೂಲಿಯವನ ಮನೆಯ ಒಲೆ ಒಂದು ದಿನವೂ ಕಾಯದು. ಈ ಅಸಮಾನತೆಯನ್ನು ಕಡಿಮೆಮಾಡಲು ಹತ್ತು ಜನ ಒಂದಾಗಿ ಮಾತಾಡುವುದೇ ಸಂಘದ ಮೂಲ.

ನಮ್ಮ ದೇಶದಲ್ಲಿ ಕ್ರಮಬದ್ಧ ಸಂಘವು ಮದರಾಸಿನ ಬಕಿಂಗ್‌ಹ್ಯಾಮ್ ಮತ್ತು ಕರ್ನಾಟಿಕ್ ಗಿರಣಿಗಳ ಕಾರ್ಮಿಕರ ನಡುವೆ 1918ರ ಏಪ್ರಿಲ್ 27ರಂದು ಆರಂಭವಾಯಿತು. ಬಿ. ಪಿ. ವಾಡಿಯಾ ಮತ್ತು ತಿರು. ವಿ. ಕಲ್ಯಾಣಸುಂದರಂ ಅವರು ಅದರ ಮುಂದಾಳುಗಳು. ಕೆಲವೇ ವರ್ಷಗಳಲ್ಲಿ ಗಿರಣಿಯವರು ಈ ಮುಂದಾಳುಗಳ ಮೇಲೆ ಮದರಾಸು ಹೈಕೋರ್ಟಿನಲ್ಲಿ ದಾವೆ ಹೂಡಿ ತಡೆಯಾಜ್ಞೆ ತಂದರು. ಕೂಲಿಕಾರರನ್ನು ಒಗ್ಗೂಡಿಸಿ ಕೆಲಸ ನಿಲ್ಲಿಸಲು ಹೇಳುವುದು ಅಂದಿನ ಕಾನೂನಿನ ಕಣ್ಣಿಗೆ ಕರಾರು ಮುರಿಸುವ ತಪ್ಪಾಗಿತ್ತು. ಈ ಪ್ರಕರಣದ ಮೂಲಕ ಎದ್ದ ಕೂಗೇ ಮುಂದೆ 1926ರ ಕಾರ್ಮಿಕ ಸಂಘಗಳ ಕಾಯ್ದೆಗೆ ಕಾರಣವಾಯಿತು. ಏಳು ಜನ ಸೇರಿ ಸಂಘವನ್ನು ನೋಂದಾಯಿಸಬಹುದೆಂದು ಅದು ಹೇಳಿತು.

ಅದೇ 1918ರಲ್ಲಿ ಅಹಮದಾಬಾದಿನಲ್ಲಿ ನಡೆದ ಘಟನೆ ವ್ಯಾಪಾರಿಗಳು ಗಮನಿಸಬೇಕಾದದ್ದು. ಪ್ಲೇಗಿನ ಕಾಲದಲ್ಲಿ ಕೊಡುತ್ತಿದ್ದ ವಿಶೇಷ ಭತ್ಯವನ್ನು ಗಿರಣಿಯವರು ನಿಲ್ಲಿಸಿದರು. ಕಾರ್ಮಿಕರು ನೂರಕ್ಕೆ 50ರಷ್ಟು ಹೆಚ್ಚಳ ಕೇಳಿದರು, ಮಾಲೀಕರು 20ರಷ್ಟು ಕೊಡುವೆವೆಂದರು. ಗಾಂಧೀಜಿಯವರು ಮೊದಲು ಗಿರಣಿಯ ಸ್ಥಿತಿಯನ್ನೂ ದಿನಸಿಯ ಬೆಲೆಯನ್ನೂ ಲೆಕ್ಕಹಾಕಿ, ನ್ಯಾಯವಾದದ್ದು 35 ಎಂದು ಕಾರ್ಮಿಕರನ್ನೇ ಕೆಳಗಿಳಿಸಿದರು. ಆಮೇಲೆ ಆ 35ಕ್ಕಾಗಿ ಪಟ್ಟುಹಿಡಿದು ಉಪವಾಸಕ್ಕೂ ಕುಳಿತರು. ಗಿರಣಿ ಮಾಲೀಕರ ಮುಂದಾಳು ಅಂಬಾಲಾಲ ಸಾರಾಭಾಯಿ, ಕಾರ್ಮಿಕರ ಪರವಾಗಿ ನಿಂತವರು ಅವರದೇ ಅಕ್ಕ ಅನಸೂಯಾಬೆನ್. ಕಡೆಗೆ ಪಂಚರ ತೀರ್ಪೂ 35 ಎಂದೇ ಬಂದಿತು. ಮೊದಲು ಲೆಕ್ಕ, ಆಮೇಲೆ ಬೇಡಿಕೆ, ಕೊನೆಗೆ ಪಂಚರು: ಈ ಕ್ರಮವನ್ನು ಮರೆಯದಿರೋಣ.

2. ಮಾಥಾಡಿ ಕಾಯ್ದೆ ಮಾಡಿದ ಉಪಕಾರ

ಗಿರಣಿಯವನಿಗೆ ಒಬ್ಬ ಮಾಲೀಕನಿದ್ದಾನೆ, ಹಾಜರಿ ಪುಸ್ತಕದಲ್ಲಿ ಹೆಸರಿದೆ. ಹಮಾಲನಿಗೆ ಇವೆರಡೂ ಇರಲಿಲ್ಲ. ಮುಂಜಾನೆ ಒಂದು ಅಂಗಡಿ, ಮಧ್ಯಾಹ್ನ ಇನ್ನೊಂದು. ಚೀಲ ಜಾರಿ ಬೆನ್ನು ಮುರಿದರೆ “ಇವನು ನಮ್ಮ ಆಳಲ್ಲ” ಎಂದು ಹತ್ತೂ ಅಂಗಡಿಯವರು ಹೇಳಬಹುದಿತ್ತು; ಕಾಗದದ ಪ್ರಕಾರ ಅದು ಸುಳ್ಳೂ ಆಗಿರಲಿಲ್ಲ. ಹೀಗಾಗಿ ಕಾರಖಾನೆಯ ಕಾಯ್ದೆಗಳಾವುವೂ ಅವನಿಗೆ ತಾಗುತ್ತಿರಲಿಲ್ಲ.

ಅಣ್ಣಾಸಾಹೇಬ ಪಾಟೀಲರಂಥವರು ಮುಂಬಯಿಯ ಹಮಾಲರನ್ನು ಸಂಘಟಿಸಿ ಹೋರಾಡಿದ ಫಲವಾಗಿ ಮಹಾರಾಷ್ಟ್ರ ಸರಕಾರವು 1969ರಲ್ಲಿ ಮಾಥಾಡಿ, ಹಮಾಲ ಮತ್ತಿತರ ಶ್ರಮಜೀವಿಗಳ ಕಾಯ್ದೆಯನ್ನು ಮಾಡಿತು. ಮಾಥಾ ಎಂದರೆ ತಲೆ, ತಲೆಯ ಮೇಲೆ ಹೊರುವವನು ಮಾಥಾಡಿ. ಈ ಕಾಯ್ದೆಯ ರಚನೆಯನ್ನು ತಿಳಿದುಕೊಳ್ಳಬೇಕು:

(ಅ) ಕಸುಬಿಗೆ ಅಥವಾ ಪ್ರದೇಶಕ್ಕೆ ತಕ್ಕಂತೆ ಒಂದು ಮಂಡಳಿ. ಅದರಲ್ಲಿ ಮಾಲೀಕರ ಪ್ರತಿನಿಧಿಗಳು ಮತ್ತು ಕಾರ್ಮಿಕರ ಪ್ರತಿನಿಧಿಗಳು ಸಮಸಂಖ್ಯೆಯಲ್ಲಿರುತ್ತಾರೆ, ಜೊತೆಗೆ ಸರಕಾರದವರು.

(ಆ) ಅಂಗಡಿಯವನೂ ಹಮಾಲನೂ ಇಬ್ಬರೂ ಮಂಡಳಿಯಲ್ಲಿ ಹೆಸರು ನೋಂದಾಯಿಸಬೇಕು. ಹಮಾಲರು ಟೋಳಿ ಟೋಳಿಯಾಗಿ, ಒಬ್ಬ ಮುಕಾದಮನ ಕೈಕೆಳಗೆ ಕೆಲಸ ಮಾಡುತ್ತಾರೆ.

(ಇ) ವ್ಯಾಪಾರಿಯು ಕೂಲಿಯನ್ನೂ ಅದರ ಮೇಲೆ ಗೊತ್ತಾದ ಶೇಕಡಾ ಲೆವಿಯನ್ನೂ ಮಂಡಳಿಗೆ ಕಟ್ಟುತ್ತಾನೆ. ಮಂಡಳಿಯು ಹಮಾಲನಿಗೆ ಕೂಲಿ ಕೊಟ್ಟು, ಲೆವಿಯ ಹಣದಿಂದ ಪ್ರಾವಿಡೆಂಟ್ ಫಂಡ್, ಗ್ರಾಚ್ಯುಟಿ, ಬೋನಸ್, ರಜೆಯ ಸಂಬಳ, ಔಷಧೋಪಚಾರ ಇವುಗಳನ್ನು ನಡೆಸುತ್ತದೆ.

ಹತ್ತು ಅಂಗಡಿಗಳಲ್ಲಿ ದುಡಿದವನಿಗೆ ಒಂದು ಲೆಕ್ಕ ಸಿಕ್ಕಿತು. ವ್ಯಾಪಾರಿಗೂ ಇದರಿಂದ ಲಾಭವಾಯಿತು. ದಿನಕ್ಕೊಂದು ದರದ ಜಗಳ ತಪ್ಪಿತು, ಪ್ರತಿಯೊಬ್ಬ ಹಮಾಲನ ಫಂಡಿನ ಲೆಕ್ಕ ತಾನೇ ಬರೆಯುವ ಹೊರೆಯೂ ತಪ್ಪಿತು.

ಸಂಘವು ಮಾಡಿದ್ದು ಕೂಲಿಯ ಮಾತು ಮಾತ್ರವಲ್ಲ. ಕ್ವಿಂಟಲ್ ತೂಕದ ಚೀಲ ಬೇಡ, 50 ಕಿಲೊ ಚೀಲ ಬೇಕು ಎಂಬುದು ಹಮಾಲರ ಬಹುಕಾಲದ ಬೇಡಿಕೆ. ಗಂಡಾಳು ಹೊರುವ ಭಾರ 55 ಕಿಲೊ ಮೀರಬಾರದೆಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 1967ರಲ್ಲಿಯೇ ಶಿಫಾರಸು ಮಾಡಿದೆ. ಪುಣೆಯಲ್ಲಿ ಬಾಬಾ ಆಢಾವರು ಕಟ್ಟಿದ ಹಮಾಲ ಪಂಚಾಯತವು ‘ಕಷ್ಟಾಚಿ ಭಾಕರ’ ಎಂಬ ಹೆಸರಿನಲ್ಲಿ ದುಡಿಯುವವರಿಗಾಗಿ ಕಡಿಮೆ ಬೆಲೆಯ ಊಟದ ಮನೆಗಳನ್ನು ನಡೆಸಿತು. ಸೊಲ್ಲಾಪುರದಿಂದ ಅಕ್ಕಲಕೋಟೆಗೆ ಹೋಗುವವರು ಕುಂಭಾರಿಯ ಹತ್ತಿರ ಬೀಡಿ ಕಾರ್ಮಿಕ ಹೆಣ್ಣುಮಕ್ಕಳ ವಸಾಹತನ್ನು ಕಂಡಿರಬಹುದು. ನರಸಯ್ಯ ಆಡಂ ಅವರ ಮುಂದಾಳುತನದಲ್ಲಿ ಸಂಘವು ಸಹಕಾರಿ ಸೊಸೈಟಿ ಮಾಡಿ, ಸರಕಾರದ ಪಾಲಿಗೆ ಕಾರ್ಮಿಕರ ಪಾಲನ್ನೂ ಸೇರಿಸಿ ಕಟ್ಟಿಸಿದ 10,000 ಮನೆಗಳು 2006ರಲ್ಲಿ ಅವರ ವಶಕ್ಕೆ ಬಂದವು. ಮನೆಯಲ್ಲಿ ಕುಳಿತು ಬೀಡಿ ಸುತ್ತುವ ಒಬ್ಬೊಬ್ಬ ತಾಯಿಯು ಬೇರೆ ಬೇರೆಯಾಗಿ ಎಷ್ಟು ಅರ್ಜಿ ಬರೆದರೂ ಇದು ಆಗುವ ಕೆಲಸವಾಗಿರಲಿಲ್ಲ.

3. ಮೊದಲನೆಯ ದೋಷ: ದುಡಿಯದೆ ಕೇಳುವ ಕೂಲಿ

ಇನ್ನು ದೋಷಗಳ ಕಡೆಗೆ ಬರೋಣ. ಕಾಸರಗೋಡು, ವಯನಾಡಿನ ನಮ್ಮ ಬಂಧುಗಳಿಗೆ ‘ನೋಕ್ಕುಕೂಲಿ’ ಎಂಬ ಮಾತು ಹೊಸದಲ್ಲ. ನೋಡಿದ್ದಕ್ಕೆ ಕೂಲಿ ಎಂದು ಅದರ ಅರ್ಥ. ಮನೆ ಕಟ್ಟುವವನು ತನ್ನ ಆಳುಗಳಿಂದಲೇ ಕಲ್ಲು ಇಳಿಸಿಕೊಂಡರೂ, ಯಂತ್ರದಿಂದ ಸಾಮಾನು ಇಳಿದರೂ, ಆ ಪ್ರದೇಶದ ಹೊರೆಯಾಳುಗಳು ಪಕ್ಕದಲ್ಲಿ ನಿಂತು ನೋಡಿ ಕೂಲಿ ಕೇಳುವ ಪದ್ಧತಿ ಇದು.

ಇದರ ಮೂಲವನ್ನು ನೋಡಿದರೆ ಕೆಟ್ಟ ಉದ್ದೇಶ ಕಾಣುವುದಿಲ್ಲ. ಕೇರಳದ 1978ರ ಹೊರೆಯಾಳುಗಳ ಕಾಯ್ದೆಯು ಅವರಿಗೆ ನೋಂದಣಿ, ನಿಶ್ಚಿತ ಕೂಲಿ, ಕ್ಷೇಮನಿಧಿ ಕೊಡಲು ಬಂದದ್ದು. ಯಂತ್ರ ಬಂದು ಅನ್ನ ಹೋದೀತೆಂಬ ಭಯವೂ ಸುಳ್ಳಲ್ಲ. ಆದರೆ ‘ಈ ಕೆಲಸದ ಮೊದಲ ಹಕ್ಕು ನಮ್ಮದು’ ಎಂಬ ನ್ಯಾಯವಾದ ಮಾತು ‘ಕೆಲಸ ಮಾಡದಿದ್ದರೂ ಹಣ ನಮ್ಮದು’ ಎಂದು ತಿರುಗಿದಾಗ ಸಂಘದ ಬುನಾದಿಯೇ ಕುಸಿಯಿತು. ದುಡಿದವನಿಗೆ ಪೂರ್ತಿ ಕೂಲಿ ಬೇಕು ಎಂಬುದರ ಮೇಲೆ ನಿಂತ ಸಂಸ್ಥೆಯು ದುಡಿಯದ ಕೂಲಿಯನ್ನು ಕೇಳಲು ಯಾವ ಬಾಯಿಂದ ಕೇಳೀತು? ಕಾಯಕವೆಂಬ ಮಾತನ್ನು ದಿನವೂ ಆಡುವ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕೇರಳ ಸರಕಾರವು 2018ರ ಮೇ 1ರಿಂದ, ಕಾರ್ಮಿಕರ ದಿನದಂದೇ, ಈ ಪದ್ಧತಿಯನ್ನು ನಿಷೇಧಿಸಿತು. 2021ರಲ್ಲಿ ಕೇರಳ ಹೈಕೋರ್ಟು ಇದನ್ನು ಸುಲಿಗೆಯೆಂದೇ ಎಣಿಸಬೇಕೆಂದಿತು. ಮಹಾರಾಷ್ಟ್ರದಲ್ಲಿಯೂ ಮಾಥಾಡಿಯ ಹೆಸರು ಹೇಳಿಕೊಂಡು ಕಾರಖಾನೆಗಳ ಬಾಗಿಲಲ್ಲಿ ಹಣ ಕೀಳುವವರ ಬಗ್ಗೆ ದೂರುಗಳಿವೆ. ಇಂಥವರಿಂದ ಮೊದಲು ಕೆಡುವುದು ನಿಜವಾಗಿ ಚೀಲ ಹೊರುವ ಹಮಾಲನ ಹೆಸರು.

4. ಎರಡನೆಯ ದೋಷ: ಹಿಂದಿರುಗುವ ದಾರಿಯಿಲ್ಲದ ಮುಷ್ಕರ

1982ರ ಜನವರಿ 18ರಂದು ಮುಂಬಯಿಯ ಬಟ್ಟೆ ಗಿರಣಿಗಳಲ್ಲಿ ಸುಮಾರು ಎರಡೂವರೆ ಲಕ್ಷ ಕಾರ್ಮಿಕರು ಕೆಲಸ ನಿಲ್ಲಿಸಿದರು. 1946ರ ಮುಂಬಯಿ ಔದ್ಯೋಗಿಕ ಸಂಬಂಧಗಳ ಕಾಯ್ದೆಯ ಪ್ರಕಾರ ಒಂದು ಊರಿನ ಒಂದು ಉದ್ಯಮಕ್ಕೆ ಒಂದೇ ಪ್ರಾತಿನಿಧಿಕ ಸಂಘ. ಮಾತುಕತೆಯ ಅಧಿಕಾರ ಅದಕ್ಕೆ ಮಾತ್ರ. ಆ ಸ್ಥಾನದಲ್ಲಿದ್ದ ರಾಷ್ಟ್ರೀಯ ಮಿಲ್ ಮಜ್ದೂರ್ ಸಂಘದಲ್ಲಿ ಬಹುಮಂದಿ ಕಾರ್ಮಿಕರಿಗೆ ನಂಬಿಕೆ ಉಳಿದಿರಲಿಲ್ಲ. ಅವರು ಡಾ. ದತ್ತಾ ಸಾಮಂತರ ಬಳಿಗೆ ಹೋದರು. ಕಾಯ್ದೆ ಒಪ್ಪಿದ ಸಂಘವನ್ನು ಕಾರ್ಮಿಕರು ಒಪ್ಪಲಿಲ್ಲ, ಕಾರ್ಮಿಕರು ಒಪ್ಪಿದ ಮುಂದಾಳನ್ನು ಕಾಯ್ದೆ ಒಪ್ಪಲಿಲ್ಲ. ಹೀಗಾಗಿ ಮಾತುಕತೆಯ ಮೇಜೇ ಇಲ್ಲದಂತಾಯಿತು.

ಮುಷ್ಕರವು ವರ್ಷ ದಾಟಿ ಎಳೆಯಿತು, ಅದನ್ನು ವಿಧಿಪೂರ್ವಕವಾಗಿ ಹಿಂತೆಗೆದುಕೊಳ್ಳಲೇ ಇಲ್ಲ. ಆ ಹೊತ್ತಿಗೆ ಭಿವಂಡಿ ಮೊದಲಾದ ಕಡೆಯ ಪವರ್‌ಲೂಮುಗಳು ಗಿರಣಿಯ ಕೆಲಸವನ್ನು ಹಿಡಿದಿದ್ದವು. ಬಹಳಷ್ಟು ಹಳೆಯ ಗಿರಣಿಗಳ ಯಂತ್ರಗಳು ಸವೆದಿದ್ದವು. ಮುಷ್ಕರ ನಡೆದಷ್ಟು ದಿನ ಬಾಗಿಲು ಮುಚ್ಚಿದ್ದೇ ಲೇಸೆಂದುಕೊಂಡ ಮಾಲೀಕರೂ ಇದ್ದರು. ಲಕ್ಷಕ್ಕೂ ಹೆಚ್ಚು ಜನ ಕೆಲಸ ಕಳೆದುಕೊಂಡರು. ಅನೇಕ ಕುಟುಂಬಗಳು ಹಳ್ಳಿಯ ಹೊಲವನ್ನು ನೆಚ್ಚಿ ಮರಳಿದವು.

ಇಲ್ಲಿ ತಪ್ಪು ಒಬ್ಬರದಲ್ಲ. ಸದಸ್ಯರ ಮನಸ್ಸು ತಿಳಿಯದ ಸಂಘ, ಆ ಸಂಘವನ್ನೇ ಕಟ್ಟಿಹಾಕಿದ ಕಾಯ್ದೆ, ಎಷ್ಟಕ್ಕೆ ನಿಲ್ಲಬೇಕೆಂದು ಮೊದಲೇ ಗೊತ್ತುಮಾಡದ ಮುಂದಾಳುತನ, ಹಟ ಹಿಡಿದ ಮಾಲೀಕವರ್ಗ ಎಲ್ಲವೂ ಸೇರಿದವು. ಅಹಮದಾಬಾದಿನ 35 ಇಲ್ಲಿ ಇರಲಿಲ್ಲ. ಕೇಳುವುದಕ್ಕೂ ಮೇರೆಯಿರಬೇಕು, ಕೇಳಿದ ಮೇಲೆ ಕುಳಿತು ಮಾತಾಡಲು ಸ್ಥಳವಿರಬೇಕು.

ಈಗ 2020ರ ಔದ್ಯೋಗಿಕ ಸಂಬಂಧಗಳ ಸಂಹಿತೆಯು 1926ರ ಕಾಯ್ದೆಯ ಸ್ಥಾನಕ್ಕೆ ಬಂದಿದೆ. 2025ರ ನವೆಂಬರ್ 21ರಿಂದ ಅದು ಜಾರಿಯಲ್ಲಿದೆ. ಕಾರಖಾನೆಯಲ್ಲಿ ಹಲವು ಸಂಘಗಳಿದ್ದರೆ, ಹಾಜರಿ ಪುಸ್ತಕದಲ್ಲಿರುವ ಕಾರ್ಮಿಕರಲ್ಲಿ ನೂರಕ್ಕೆ 51ರಷ್ಟು ಜನರ ಬೆಂಬಲವಿರುವ ಸಂಘವು ಮಾತುಕತೆಯ ಸಂಘವಾಗುತ್ತದೆ. ಮುಷ್ಕರಕ್ಕೆ 14 ದಿನ ಮುಂಚೆ ನೋಟೀಸು ಬೇಕು. ಮುಷ್ಕರದ ಹಕ್ಕನ್ನು ಇದು ಮೊಟಕುಮಾಡುತ್ತದೆಂದು ಅನೇಕ ಸಂಘಗಳು ವಿರೋಧಿಸಿವೆ. ಕಾರಖಾನೆಗೆ ಹೋಗುವ ಮಕ್ಕಳು ಇದನ್ನು ಓದಿ ತಿಳಿದಿರಬೇಕು.

5. ಮೂರನೆಯ ದೋಷ: ಹೊರಗುಳಿದವರು

ಸಂಘವು ತನ್ನ ಸದಸ್ಯನನ್ನು ನೋಡುತ್ತದೆ, ಸದಸ್ಯನಲ್ಲದವನನ್ನು ನೋಡುವುದಿಲ್ಲ. ಹಲವು ಪೇಟೆಗಳಲ್ಲಿ ಚೀಲ ಹೊರುವ ಗಂಡಸರ ಟೋಳಿಗೆ ಮಂಡಳಿಯಿದೆ, ಕಾಳು ಹಸನು ಮಾಡುವ, ಉಳ್ಳಾಗಡ್ಡಿ ಆರಿಸುವ ಹೆಣ್ಣುಮಗಳಿಗೆ ಏನೂ ಇಲ್ಲ. ಕಾರಖಾನೆಯಲ್ಲಿ ಕಾಯಂ ನೌಕರನಿಗೆ ಸಂಘವಿದೆ, ಅದೇ ಯಂತ್ರದ ಮುಂದೆ ನಿಂತ ಗುತ್ತಿಗೆಯ ಹುಡುಗನಿಗೆ ಇಲ್ಲ.

ರೈತನ ಸ್ಥಿತಿಯೂ ಹೀಗೆಯೇ. ವ್ಯಾಪಾರಿಗೂ ಹಮಾಲರಿಗೂ ದರದ ಬಗ್ಗೆ ತಕರಾರು ಬಂದು ಪೇಟೆ ನಾಲ್ಕು ದಿನ ಮುಚ್ಚಿದರೆ ಗಾಡಿಯಲ್ಲಿ ಕೊಳೆಯುವುದು ರೈತನ ಮಾಲು. ರಾಜಿಯಾಗಿ ದರ ಏರಿದರೆ, ಮಾರಾಟಕ್ಕೆ ಮುಂಚಿನ ಹಮಾಲಿಯು ಅವನ ಪಟ್ಟಿಯಿಂದಲೇ ಕಡಿತವಾಗುತ್ತದೆ. ಬಜಾರ ಸಮಿತಿಯಲ್ಲಿ ರೈತರ ಪ್ರತಿನಿಧಿಗಳಿರುವುದು ಇಂಥ ಹೊತ್ತಿಗಾಗಿಯೇ. ಅವರು ಬಾಯಿ ತೆರೆಯದಿದ್ದರೆ ಅದು ಹಮಾಲರ ಸಂಘದ ದೋಷವಲ್ಲ.

6. ನಾವು ಮಾಡಬೇಕಾದದ್ದು

ವ್ಯಾಪಾರಿಗಳು ಟೋಳಿಯನ್ನು ನೋಂದಾಯಿಸಿ, ಕೂಲಿ ಮತ್ತು ಲೆವಿಯನ್ನು ಕಾಲಕ್ಕೆ ಸರಿಯಾಗಿ ಮಂಡಳಿಗೆ ಕಟ್ಟಬೇಕು. ಲೆವಿ ಉಳಿಸಲೆಂದು ಹೆಸರಿಲ್ಲದ ಆಳುಗಳನ್ನು ತಂದವನಿಗೆ ನೋಕ್ಕುಕೂಲಿಯನ್ನು ದೂರುವ ಅಧಿಕಾರ ಉಳಿಯದು. ದುಡಿಯದ ಕೂಲಿಗೆ ಬೆದರಿಕೆ ಬಂದರೆ ‘ಹೋಗಲಿ’ ಎಂದು ಗುಟ್ಟಾಗಿ ಕೊಟ್ಟು ಕಳಿಸದೆ ಕಾರ್ಮಿಕ ಅಧಿಕಾರಿಗೆ ಅಥವಾ ಪೊಲೀಸರಿಗೆ ಬರೆದುಕೊಡಬೇಕು. ಇಂದು ಗುಟ್ಟಾಗಿ ಕೊಟ್ಟದ್ದು ನಾಳೆ ಪೇಟೆಯ ಪದ್ಧತಿಯಾಗುತ್ತದೆ.

ರೈತರು ಪಟ್ಟಿಯಲ್ಲಿ ಹಮಾಲಿ ದರವನ್ನೂ ಚೀಲದ ಸಂಖ್ಯೆಯನ್ನೂ ಬೇರೆಯಾಗಿ ಬರೆಸಿಕೊಂಡು, ಬಜಾರ ಸಮಿತಿಯ ದರಪಟ್ಟಿಯೊಂದಿಗೆ ತಾಳೆ ನೋಡಬೇಕು. ವ್ಯತ್ಯಾಸ ಕಂಡರೆ ಹಮಾಲನ ಮೇಲೆ ಸಿಟ್ಟಾಗುವ ಮೊದಲು ಸಮಿತಿಯನ್ನು ಕೇಳಬೇಕು. ಆ ಹೆಚ್ಚಿನ ಹಣ ಅವನಿಗೆ ತಲುಪಿರದಿರಲೂಬಹುದು.

ದುಡಿಯುವ ಮಕ್ಕಳು ಸಂಘಕ್ಕೆ ವಂತಿಗೆ ಕೊಟ್ಟು ಸುಮ್ಮನಾಗದೆ, ವರ್ಷದ ಲೆಕ್ಕ ಕೇಳಬೇಕು, ಸಭೆಗೆ ಹೋಗಬೇಕು, ಗುತ್ತಿಗೆಯವರನ್ನೂ ಒಳಗೆ ಕರೆದುಕೊಳ್ಳಬೇಕು. ಮುಷ್ಕರದ ಮಾತು ಬಂದಾಗ ‘ಎಷ್ಟು ಸಿಕ್ಕರೆ ಮರಳುತ್ತೇವೆ?’ ಎಂದು ಮೊದಲ ದಿನವೇ ಕೇಳಬೇಕು.

ಸಂಘವು ದುಡಿಮೆಗೆ ಲೆಕ್ಕ ಕೊಡಿಸುವವರೆಗೆ ಮಗನ ಮಾತು ನಿಜ. ದುಡಿಮೆಯಿಲ್ಲದೆ ಲೆಕ್ಕ ಬರೆಯತೊಡಗಿದಲ್ಲಿಂದ ತಂದೆಯ ಮಾತು ನಿಜ. ಈ ಗೆರೆಯನ್ನು ಕಾಯುವ ಹೊಣೆ ಕೂಲಿ ಕೊಡುವವರಿಗೂ ಪಡೆಯುವವರಿಗೂ ಸಮನಾಗಿದೆ.

ಮನನಕ್ಕೆ ಪ್ರಶ್ನೆಗಳು

1. ಹಮಾಲನಿಗೆ ಕಾರಖಾನೆಯ ಕಾಯ್ದೆಗಳು ಏಕೆ ತಾಗುತ್ತಿರಲಿಲ್ಲ? ಮಾಥಾಡಿ ಮಂಡಳಿಯು ಅದನ್ನು ಹೇಗೆ ಸರಿಪಡಿಸಿತು?

2. 1918ರ ಅಹಮದಾಬಾದಿಗೂ 1982ರ ಮುಂಬಯಿಗೂ ಇರುವ ಮುಖ್ಯ ವ್ಯತ್ಯಾಸವೇನು?

3. ನಿಮ್ಮ ಪೇಟೆಯಲ್ಲಿ ಹಮಾಲಿ ದರವನ್ನು ಯಾರು, ಯಾವಾಗ ಗೊತ್ತುಮಾಡಿದರು? ಮುಂದಿನ ಸಲ ಪಟ್ಟಿ ಕೈಗೆ ಬಂದಾಗ ವಿಚಾರಿಸಿ, ಮನೆಯವರೊಂದಿಗೆ ಚರ್ಚಿಸಿರಿ.