ತಾತನ ರೇಬಾನ್ ಕೈಗೆ ಬಂದಾಗ

ಮಗೂ, ತಾತನ ಬೀರುವಿನಲ್ಲಿ ಸಿಕ್ಕಿದ ಆ ಕೂಲಿಂಗ್ ಗ್ಲಾಸ್ ಹಾಕಿಕೊಂಡು ಕನ್ನಡಿ ಮುಂದೆ ನಿಂತದ್ದಾಯಿತಲ್ಲ, ಇನ್ನು ಅದನ್ನು ತೆಗೆದು ಬೆಳಕಿಗೆ ಹಿಡಿ. ಗಾಜಿನ ಹೊರ ಅಂಚಿನಲ್ಲಿ, ಕಡ್ಡಿ ಮಡಚುವ ಜಾಗದ ಹತ್ತಿರ, ಹುಡುಕಿದರೆ ಮಾತ್ರ ಕಾಣುವಷ್ಟು ಚಿಕ್ಕದಾಗಿ ‘ಬಿಎಲ್’ ಎಂದು ಕೊರೆದಿರುತ್ತದೆ. ಅದು ಬಾಷ್ ಅಂಡ್ ಲಾಂಬ್ ಗುರುತು. ನ್ಯೂಯಾರ್ಕ್ ರಾಜ್ಯದ ರಾಚೆಸ್ಟರ್ ಊರಲ್ಲಿ 1853ರಲ್ಲಿ ಹುಟ್ಟಿದ ಈ ಕಂಪನಿ, 1999ರಲ್ಲಿ ರೇಬಾನ್ ವ್ಯಾಪಾರವನ್ನು ಇಟಲಿಯ ಲಕ್ಸಾಟಿಕಾಗೆ ಮಾರಿತು. ಆಮೇಲೆ ಬಂದ ಗಾಜಿನ ಮೇಲೆ ಇರುವುದು ‘ಆರ್‌ಬಿ’. ಹಾಗಾಗಿ ಯಾರಾದರೂ ‘ಈ ವರ್ಷದ್ದೇ ಮಾಲು, ಬಿ ಅಂಡ್ ಎಲ್ ರೇಬಾನ್’ ಅಂದರೆ ಬೆಲೆಯನ್ನೂ ಕೇಳದೆ ಎದ್ದು ಬಾ. ಆದರೆ ‘ಯುಎಸ್‌ಎ’ ಅಕ್ಷರ ಇಲ್ಲವೆಂದು ತಾತನದ್ದನ್ನು ಖೋಟಾ ಅನ್ನಬೇಡ. ತೊಂಬತ್ತರ ದಶಕದಲ್ಲಿ ನಮ್ಮ ರಾಜಸ್ಥಾನದ ಭಿವಾಡಿಯಲ್ಲೂ ಆ ಕಂಪನಿಯ ಕಾರ್ಖಾನೆ ಇತ್ತು, ರೇಬಾನ್ ಅಲ್ಲೂ ತಯಾರಾಗುತ್ತಿತ್ತು.

ಕನ್ನಡಕದ ಅಂಗಡಿಯಲ್ಲೇ ತಲೆ ನರೆತವನು ನಾನು. ಈ ಹಳೆಯ ಮಾಲಿನ ಮೇಲೆ ನನಗಿರುವ ಪ್ರೀತಿಗೆ ಕಾರಣ ಅದರ ಹಿಂದಿದ್ದ ಕೆಲಸದವರು. ಮೋಡದ ಮೇಲಿನ ಬಿಸಿಲಿಗೆ ಪೈಲಟ್‌ಗಳ ಕಣ್ಣು ಕುಕ್ಕುತ್ತಿತ್ತು. ಅವರಿಗೆಂದು ಮಾಡಿದ ಹಸಿರು ಗಾಜಿನ ಕನ್ನಡಕ 1937ರಲ್ಲಿ ಏವಿಯೇಟರ್ ಆಗಿ ಪೇಟೆಗೆ ಬಂತು. ಮುಂದೆ ಯುದ್ಧಕಾಲದಲ್ಲಿ ಇನ್ನೊಂದು ಜಾಣತನ ಮಾಡಿದರು: ಗಾಜಿನ ಮೇಲ್ಭಾಗಕ್ಕೆ ಮಾತ್ರ ಕನ್ನಡಿಯಂಥ ಲೇಪ, ಕೆಳಭಾಗ ಬರಿದು. ತಲೆಯೆತ್ತಿದರೆ ಆಕಾಶದ ಝಳ ತಡೆಯುತ್ತದೆ, ತಗ್ಗಿಸಿದರೆ ವಿಮಾನದ ಮುಳ್ಳು, ಅಂಕಿ ಸ್ಪಷ್ಟವಾಗಿ ಓದಲು ಬರುತ್ತದೆ. ಯಾರೋ ಒಬ್ಬರು ಆ ಕುರ್ಚಿಯಲ್ಲಿ ಕೂತವನ ಕತ್ತು ಯಾವಾಗ ಮೇಲೆ, ಯಾವಾಗ ಕೆಳಗೆ ಹೋಗುತ್ತದೆ ಎಂದು ಕೂತು ಯೋಚಿಸಿದ್ದಾರೆ. ಇಂಥದ್ದನ್ನು ನೋಡಿದರೆ ನನಗೆ ಈಗಲೂ ಕೈ ಮುಗಿಯಬೇಕು ಅನ್ನಿಸುತ್ತದೆ. ಗುರಿಕಾರರಿಗೆ ಕಾಲಿಕ್ರೋಮ್ ಎಂಬ ಹಳದಿ ಗಾಜು. ಮಬ್ಬಿನ ನೀಲಿಯನ್ನು ಅದು ಹೀರಿಕೊಂಡು ಗುರಿಯ ಅಂಚನ್ನು ಬಿಡಿಸಿ ತೋರಿಸುತ್ತಿತ್ತು. 1953ರಲ್ಲಿ ಬಂದ ಜಿ-15 ಗಾಜಿನ ಹೆಸರಲ್ಲೇ ಅದರ ಲೆಕ್ಕ ಇದೆ: ಹಸಿರು ಛಾಯೆ, ಒಳಗೆ ಬಿಡುವುದು ನೂರಕ್ಕೆ 15 ಪಾಲು ಬೆಳಕು. ಅಷ್ಟು ಕಪ್ಪಾದರೂ ಬಣ್ಣ ಕೆಡುವುದಿಲ್ಲ. ತಾತನದ್ದು ಆ ಗಾಜೇ ಆಗಿದ್ದರೆ ಮಾಳಿಗೆಗೆ ಹೋಗಿ ಎಲೆ, ಹೆಂಚು, ಒಣಹಾಕಿದ ಸೀರೆ ನೋಡು. ಹಸಿರು ಹಸಿರಾಗಿ, ಕೆಂಪು ಕೆಂಪಾಗಿಯೇ ಇರುತ್ತದೆ.

ಒಂದು ಮಾತು ತಲೆಯಲ್ಲಿಟ್ಟುಕೋ. ತಯಾರಿಕೆ ನಿಂತದ್ದೆಲ್ಲ ಅಮೂಲ್ಯವೂ ಅಲ್ಲ, ಕೈಲಾಗದ್ದೂ ಅಲ್ಲ. 1952ರ ವೇಫೇರರ್ ನೋಡು. 1981ರ ಹೊತ್ತಿಗೆ ವರ್ಷಕ್ಕೆ 18,000 ಮಾತ್ರ ಹೋಗುತ್ತಿತ್ತು, ಮುಚ್ಚಿಹೋಗುವುದರಲ್ಲಿತ್ತು. 1983ರಲ್ಲಿ ‘ರಿಸ್ಕಿ ಬಿಸಿನೆಸ್’ ಸಿನಿಮಾದಲ್ಲಿ ಟಾಮ್ ಕ್ರೂಸ್ ಹಾಕಿದ, ಆ ವರ್ಷ 3,60,000 ಮಾರಾಟವಾಯಿತು. ಕನ್ನಡಕ ಅದೇ, ಒಂದು ಕೂದಲೂ ಬದಲಾಗಿರಲಿಲ್ಲ. 2001ರಲ್ಲಿ ಲಕ್ಸಾಟಿಕಾ ಅದನ್ನು ಚಿಕ್ಕದು ಮಾಡಿ ರೂಪ ಬದಲಿಸಿತು, 2007ರಲ್ಲಿ ಹಳೆಯ ರೂಪವನ್ನೇ ವಾಪಸ್ ತಂದಿತು. ಆಕಾರ ಹೀಗೆ ಹೋಗಿ ಬರುತ್ತಿರುತ್ತದೆ. ಮರಳಿ ಬಾರದ್ದು ಬಾಷ್ ಅಂಡ್ ಲಾಂಬ್‌ನವರ ಆ ಗಾಜು, ಆ ಚಿನ್ನದ ಹೊದಿಕೆಯ ತಂತಿ. ಹಳೆಯದಕ್ಕೆ ದುಡ್ಡು ಸುರಿಯುವುದಾದರೆ ಅವೆರಡನ್ನು ನೋಡಿ ಸುರಿ. ಬರೀ ಆಕಾರ ಬೇಕಿದ್ದರೆ ಹೊಸದೇ ಸಾಕು.

ಈಗ ಕಣ್ಣಿನ ವಿಷಯ. ಒಮ್ಮೆ ಆಪ್ಟಿಕಲ್ಸ್‌ಗೆ ಒಯ್ದು ಯುವಿ ಮೀಟರಿನಲ್ಲಿ ಇಡಿಸು, ನಿಮಿಷದ ಕೆಲಸ. ಕಪ್ಪು ಗಾಜಿನ ಹಿಂದೆ ಪಾಪೆ ಅರಳುತ್ತದೆ. ಆ ಗಾಜು ಅತಿನೇರಳೆ ಕಿರಣ ತಡೆಯದಿದ್ದರೆ ಬರಿಗಣ್ಣಿಗಿಂತ ಹೆಚ್ಚು ಒಳಗೆ ಹೋಗುತ್ತದೆ. ತಾತನದ್ದರ ಗಾಜನ್ನು ಯಾವ ಕಾಲದಲ್ಲಿ ಯಾರು ಬದಲಿಸಿದರೋ ಬಲ್ಲವರಿಲ್ಲ, ಅದಕ್ಕೇ ಹೇಳಿದೆ. ಬೈಕ್ ಓಡಿಸುವಾಗ ಇದು ಬೇಡವೇ ಬೇಡ. ಎಷ್ಟೇ ಗಟ್ಟಿಯಿದ್ದರೂ ಗಾಜು ಗಾಜೇ, ಕಲ್ಲು ಹಾರಿ ಬಂದರೆ ಚೂರು ಕಣ್ಣಿಗೆ.

ಫ್ರೇಮಿನ ಮೇಲೆ ‘1/10 12ಕೆ ಜಿಎಫ್’ ಎಂದಿದ್ದರೆ, ತೂಕದ ಹತ್ತನೇ ಒಂದು ಪಾಲು 12 ಕ್ಯಾರಟ್ ಚಿನ್ನದ ಹೊದಿಕೆ. ಹೊಳಪು ಬರಿಸುತ್ತೇನೆಂದು ಯಾರೇ ಹೇಳಲಿ, ಚಕ್ರಕ್ಕೆ ಹಿಡಿಯಲು ಬಿಡಬೇಡ. ಚಿನ್ನವೇ ಸವೆದುಹೋಗುತ್ತದೆ. ಮೂಗಿನ ಪ್ಯಾಡಿನ ಬುಡದಲ್ಲಿ ಬೆವರಿಗೆ ಹಸಿರು ಕಿಲುಬು ಕಟ್ಟಿರುತ್ತದೆ. ಉಗುರುಬೆಚ್ಚಗಿನ ನೀರು, ಒಂದು ತೊಟ್ಟು ಸೋಪು, ಮೆತ್ತನೆಯ ಬ್ರಷ್, ಅಷ್ಟೇ. ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಬಿಸಿಲಿಗೆ ಬಿಡಬೇಡ.

ಪವರ್ ಹಾಕಿಸಬೇಕಾಗಿ ಬಂದರೆ ಹಾಕಿಸು, ಇಟ್ಟು ಪೂಜೆ ಮಾಡುವುದಕ್ಕಲ್ಲ ಅದು ಇರುವುದು. ಆದರೆ ತೆಗೆದ ಹಳೆಯ ಗಾಜನ್ನು ಅಂಗಡಿಯವನು ‘ಇನ್ನು ಇದ್ಯಾಕೆ’ ಅಂದರೂ ಕೇಳಿ ಇಸಿದುಕೊಂಡು, ಎಡ ಬಲ ಬರೆದು, ಹತ್ತಿಬಟ್ಟೆಯಲ್ಲಿ ಬೇರೆ ಬೇರೆ ಸುತ್ತಿ ಇಡು.